ಶ್ಯಾವಿಗೆಯ ಕನಸಿನಲ್ಲಿ ನಮ್ಮವರು

"ನೋಡು ಮಂಗಳಾ, ಇನ್ನು ನಿನ್ನ ಪೊರಕೆ ಕೋಲಿನ ಪಾಠ ಬಂದ್!" ಎಂದು ನಮ್ಮವರು ಹೊಸ ಯಂತ್ರದ ಮೇಲಿನ ಟವಲನ್ನು ಸರ್ರನೆ ಎಳೆದರು. "ಇದು ಸ್ವಪ್ನಧೈರ್ಯ ಯಂತ್ರ!"

"ಅಯ್ಯೋ, ನನ್ನ ಇಡ್ಲಿ ತಟ್ಟೆ!"

"ಅದು ಆಂಟೆನಾ ಕಣೇ!"

ಇಷ್ಟೆಲ್ಲ ಶ್ಯಾವಿಗೆಗಾಗಿ. ಬೀದಿಯಲ್ಲಿ ಪೆಟ್ಟು ತಿಂದು, ನಾಯಿಗಳ ಆಶ್ರಮ ಸೇರಿ, ಅಲ್ಲಿಂದ ನಮ್ಮ ಮೈಸೂರಿನ ಮನೆಗೆ ಬಂದ ಬಡಕಲು ನಾಯಿ ಅದು. ಕುಕ್ಕರ್ ಕೂಗಿದರೆ ಮಂಚದಡಿ, ಚಪ್ಪಲಿ ಸದ್ದಾದರೆ ಮಂಚದಡಿ, ತನ್ನ ಬಾಲ ತಾನೇ ಕಂಡರೂ ಮಂಚದಡಿ! ಭಾನುವಾರ ಸಂಜೆಯೊಳಗೆ ಚೂರಾದರೂ ಧೈರ್ಯ ಬರದಿದ್ದರೆ ವಾಪಸ್ ಕರೆದೊಯ್ಯುತ್ತೇನೆ ಎಂದಿದ್ದರು ಆಶ್ರಮದ ಫಿಲೋಮಿನಾ ಮೇಡಂ. ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. ದಿನಾ ತಾರಸಿಯಲ್ಲಿ ಇಟ್ಟಿಗೆಗಳ ಮೇಲೆ ಪೊರಕೆ ಕೋಲುಗಳನ್ನು ಇಟ್ಟು, ಚಪಾತಿ ಚೂರು ತೋರಿಸಿ, "ದಾಟು ಮಗಾ!" ಎನ್ನುತ್ತಿದ್ದೆ. ಕೋಲೇನೋ ದಾಟುತ್ತಿತ್ತು. ಆಚೆ ಅಡ್ಡ ಮಲಗಿಸಿದ್ದ, ತಳವಿಲ್ಲದ ನೀರಿನ ಡ್ರಮ್ಮಿನೊಳಗೆ ನುಗ್ಗಬೇಕು ಎಂದರೆ ಮಾತ್ರ ನಡುಗುತ್ತಾ ಕೂತುಬಿಡುತ್ತಿತ್ತು.

"ನಿದ್ದೇಲಿ ಇದು ಹುಲಿ ಕಣೇ! ಕಾಲು ಆಡ್ಸುತ್ತೆ, ಗುರ್ರ್ ಅನ್ನುತ್ತೆ. ಆ ಕನಸಿನ ಧೈರ್ಯಾನ ಹಿಡಿದು ಎಚ್ಚರಕ್ಕೆ ತುಂಬೋದು, ಅಷ್ಟೇ!"

"ಜಿರಲೆ ಕಂಡ್ರೆ ಸೋಫಾ ಹತ್ತೋರು ಧೈರ್ಯದ ಮಾತಾಡ್ತೀರಲ್ಲ ರೀ!"

ಭಾನುವಾರ ಊಟವಾಯಿತು. ತಾರಸಿಯ ನೆರಳಲ್ಲಿ ಶ್ಯಾವಿಗೆ ಮಲಗಿತು, ಇವರು ಯಂತ್ರ ಚಾಲೂ ಮಾಡಿದರು. ಆದರೆ ಬಿಸಿಬೇಳೆಬಾತ್ ಉಂಡ ಭಾನುವಾರ ನಮ್ಮವರು ಎದ್ದು ಕೂತದ್ದುಂಟೇ? ಯಂತ್ರಕ್ಕೇ ಒರಗಿ ಗೊರಕೆ ಹೊಡೆದರು. ಮೊಣಕೈ ತಗುಲಿ ತಿರುಪು ಉಲ್ಟಾ ತಿರುಗಿತು. ನಾಯಿಗೆ ಧೈರ್ಯ ತುಂಬಬೇಕಾದ ಯಂತ್ರ ನಾಯಿಯ ಕನಸನ್ನೇ ಹೊರಗೆ ಸುರಿಯತೊಡಗಿತು!

ಬಿಸಿಲು ತೆಳ್ಳಗೆ ಹಾಲಿನ ಬಣ್ಣಕ್ಕೆ ತಿರುಗಿತು. ಒಣಹಾಕಿದ್ದ ಸೀರೆಗಳು, ಹಾಸಿಗೆ, ಚಪ್ಪಲಿಗಳು ಸದ್ದಿಲ್ಲದೆ ಮೇಲೆದ್ದವು. ಕೆಳಗಿನ ಮನೆಯ ಕುಕ್ಕರ್ ಜೋಗುಳದ ರಾಗದಲ್ಲಿ ಕೂಗಿತು. ಪೊರಕೆ ಕೋಲುಗಳು ಒಂದರ ಮೇಲೊಂದು ತೇಲಿದವು, ಡ್ರಮ್ಮು ಮೆಲ್ಲಗೆ ಹೊರಳುತ್ತಾ ಆಕಾಶಕ್ಕೆ ಏರಿತು. ನನ್ನ ಕಾಲೂ ನೆಲ ಬಿಟ್ಟಿತು. ಸುಳ್ಳೇಕೆ, ಬಹಳ ಸುಖವಾಗಿತ್ತು.

"ಮಂಗಳಾ! ಹಿಡ್ಕೊಳ್ಳೇ! ತೆಂಗಿನ ಮರ ಬಂತು!" ನಮ್ಮವರು ಪಂಚೆ ಹಿಡಿದುಕೊಂಡು ತೇಲಿಹೋಗುತ್ತಿದ್ದರು. ನಿಲ್ಲಿಸೋಣವೆಂದರೆ ಯಂತ್ರ ಡ್ರಮ್ಮಿನ ಆಚೆ ಬಾಯಿಗೆ ಸಿಕ್ಕಿಕೊಂಡಿತ್ತು. ನಾನು ಎಷ್ಟು ಕೈಕಾಲು ಬಡಿದರೂ ಇದ್ದಲ್ಲೇ ಇದ್ದೆ!

ಅಷ್ಟರಲ್ಲಿ ಶ್ಯಾವಿಗೆ ಕಣ್ಣು ಬಿಟ್ಟಿತು. ಕನಸು ಅದರದ್ದು. ಗಾಳಿಯಲ್ಲೂ ಅದರ ಕಾಲಿಗೆ ಮಾತ್ರ ನೆಲ ಸಿಗುತ್ತಿತ್ತು.

"ದಾಟು ಮಗಾ!" ಎಂದೆ. ನನ್ನ ಕೈಯಲ್ಲಿ ಚಪಾತಿ ಇರಲಿಲ್ಲ. ಅದು ಒಂದು ಕೋಲು ಹಾರಿತು, ಇನ್ನೊಂದು ಹಾರಿತು. ಡ್ರಮ್ಮಿನ ಮುಂದೆ ನಿಂತು ನಡುಗಿತು. ತಿರುಗಿ ನನ್ನನ್ನು ನೋಡಿತು. ಆಮೇಲೆ ಕಿವಿ ಮಡಚಿಕೊಂಡು ಒಳಗೆ ನುಗ್ಗಿತು ನೋಡಿ! ಆ ತುದಿಯಲ್ಲಿ ಹೊರಬಂದು ಯಂತ್ರದ ಬ್ಯಾಟರಿ ವೈರನ್ನು ಕಚ್ಚಿ ಎಳೆದೇಬಿಟ್ಟಿತು.

ಎಲ್ಲವೂ ದಡದಡ ಇಳಿಯಿತು. ನಮ್ಮವರು ಹಾಸಿಗೆಯ ಮೇಲೆ ದೊಪ್ಪೆಂದು ಬಿದ್ದರು. ನಾನು ಶ್ಯಾವಿಗೆಯನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ಸಂಜೆ ಫಿಲೋಮಿನಾ ಮೇಡಂ ಬಂದಾಗ ಶ್ಯಾವಿಗೆ ಬಾಲ ಆಡಿಸುತ್ತಾ ಬಾಗಿಲಿಗೇ ಹೋಗಿ ಎದುರುಗೊಂಡಿತು. ಆಗಲೇ ಕುಕ್ಕರ್ ಕೂಗಿತು. ಶ್ಯಾವಿಗೆ ಕಿವಿಯನ್ನೂ ಅಲುಗಿಸಲಿಲ್ಲ. ನಮ್ಮವರು ಮಾತ್ರ ಚಂಗನೆ ಹಾರಿ ಮಂಚದಡಿ ಸೇರಿದರು! ಯಂತ್ರ ಹೀರಿಕೊಂಡ ನಾಯಿಯ ಭಯವೆಲ್ಲ, ಅದಕ್ಕೆ ಒರಗಿ ಮಲಗಿದ್ದ ಇವರೊಳಗೆ ಹೋಗಿತ್ತೆಂದು ನನಗೆ ಆಗ ತಿಳಿಯಿತು.

ಮೇಡಂ ಬಗ್ಗಿ ನೋಡಿದರು. "ಶ್ಯಾವಿಗೆ ಇಲ್ಲೇ ಇರ್ಲಿ. ಇವ್ರನ್ನ ಕರ್ಕೊಂಡ್ ಹೋಗ್ಲಾ ಅಮ್ಮಾ?"

"ಬೇಡಿ ಮೇಡಂ, ಒಂದು ಅವಕಾಶ ಕೊಟ್ಟು ನೋಡೋಣ," ಎಂದೆ. "ಪೊರಕೆ ಕೋಲು ತಾರಸಿ ಮೇಲೇ ಇದೆ, ಚಪಾತಿನೂ ಮಿಕ್ಕಿದೆ."