ಟ್ರಯಲ್ ಗೋಡೆ

ಮೇಲ್ಮನೆ ಸಾಹೇಬರು ಕಾರು ನಿಲ್ಲಿಸಲು ತಮ್ಮ ಅಂಗಳದ ದಿಬ್ಬ ಅಗೆಸಿ, ಆ ಮಣ್ಣನ್ನೆಲ್ಲ ಕೆಳಮನೆಯ ಟೈಲರನ ತೋಟಕ್ಕೆ ಸುರಿಸಿದರು.

ಬೆಳಗ್ಗೆ ಎದ್ದು ನೋಡಿದರೆ ಬದನೆ ಗಿಡಗಳ ತಲೆಯೂ ಕಾಣದು. ಅರ್ಧ ತೋಟ ನುಂಗಿದ ಮಣ್ಣು ಇನ್ನೂ ಹಸಿವು ತೀರದೆ ಹೊಲಿಗೆ ಶೆಡ್ಡಿನತ್ತ ಜಾರುತ್ತಿತ್ತು. ಶೆಡ್ಡಿನಲ್ಲಿ ಅವನ ಹೊಲಿಗೆ ಮಷೀನು, ಶಾಲೆಗೆ ಕೊಡಬೇಕಾದ ಯೂನಿಫಾರಂ ರಾಶಿ. ಆಕಾಶದಲ್ಲಿ ಕಪ್ಪು ಮೋಡ. ಒಂದು ಮಳೆ ಬಂದರೆ ಹೊಟ್ಟೆಪಾಡೆಲ್ಲ ಕೆಸರು.

ಟೈಲರ್ ಮೇಲೆ ನೋಡಿ ಕೈಮುಗಿದ. "ಸಾರ್, ಮಣ್ಣು..."

"ಒಳ್ಳೇ ಮಣ್ಣು ಕಣಯ್ಯ! ಒಂದು ತಡೆಗೋಡೆ ಕಟ್ಟಿಕೋ." ನಿವೃತ್ತ ನ್ಯಾಯಾಧೀಶರಾದ ಸಾಹೇಬರು ಹಲ್ಲುಜ್ಜುತ್ತಲೇ ತೀರ್ಪು ಕೊಟ್ಟು ಒಳಗೆ ಹೋದರು.

"ಮಣ್ಣು ಅವರದ್ದು, ಗೋಡೆ ನಮ್ಮದ್ಯಾಕ್ರೀ?" ಎಂದಳು ಹೆಂಡತಿ.

"ಸುಮ್ನಿರೇ. ದೊಡ್ಡೋರು."

ಟೆಂಪೋದಲ್ಲಿ ಮೂರು ಬಗೆಯ ಕಾಂಕ್ರೀಟ್ ಬ್ಲಾಕ್ ಬಂದವು. ಬೇಡವಾದದ್ದನ್ನು ವಾಪಸ್ ಒಯ್ಯುತ್ತೇನೆಂದ ಅಂಗಡಿಯವ. ಟೆಂಪೋದ ಸದ್ದಿಗೆ ಪಕ್ಕದ ಮನೆಯ ವಿಮೆ ಏಜೆಂಟನೂ ಎದುರುಮನೆಯ ಕಾಂಪೌಂಡರನೂ ಬೆಲ್ಲಕ್ಕೆ ಇರುವೆ ಬಂದಂತೆ ಬಂದರು.

"ಟೊಳ್ಳು ಬ್ಲಾಕೇ ತಗೊಳ್ರೀ, ಹಗುರ," ಎಂದ ಏಜೆಂಟ್.

ಕಾಂಪೌಂಡರ್ ಬ್ಲಾಕಿಗೆ ಕಿವಿಯಿಟ್ಟು, ಬೆರಳಿಂದ ಬಡಿದು, ಮುಖ ಗಂಭೀರ ಮಾಡಿಕೊಂಡ. "ಇದಕ್ಕೆ ಎದೆಯಲ್ಲಿ ಏನೂ ಇಲ್ಲ. ಗಟ್ಟಿ ಬ್ಲಾಕೇ ಆಗಬೇಕು."

"ಗಟ್ಟೀದು ಹಾಕಿದ್ರೆ ಮಳೆ ನೀರು ಎಲ್ಲಿಂದ ಹೋಗುತ್ತೆ? ನಿಮ್ಮ ಮೂಗಿಂದನಾ?" ಎಂದ ಏಜೆಂಟ್.

ಟೈಲರ್ ಮಾತ್ರ ಇಂಟರ್‌ಲಾಕ್ ಬ್ಲಾಕನ್ನು ಸವರುತ್ತಿದ್ದ. "ಇದು ಒಂದರೊಳಗೊಂದು ಕೂರುತ್ತೆ ನೋಡಿ. ಗುಂಡಿ-ಕಾಜಾ ಥರ."

ಜಗಳ ಜೋರಾಯಿತು. ಟೈಲರ್ ಕೈಯೆತ್ತಿದ. "ತಡೀರಿ. ಟ್ರಯಲ್ ನೋಡೇ ಬಿಡೋಣ." ಟ್ರಯಲ್ ನೋಡದೆ ಅವನು ಯಾರಿಗೂ ಒಂದು ಲುಂಗಿಯ ಅಂಚನ್ನೂ ಹೊಲಿದವನಲ್ಲ.

ಗೋಡೆ ಕಟ್ಟಲು ಕರೆಸಿದ್ದ ಗಾರೆಯವನು ಕಣ್ಣು ಬಿಟ್ಟ. "ಸಿಮೆಂಟಿಲ್ದೆ ಗೋಡೆನಾ?"

"ಕಚ್ಚಾ ಹೊಲಿಗೆ ಅಂದ್ಕೊಳ್ಳಪ್ಪ. ಸರಿಹೋದ್ರೆ ಪಕ್ಕಾ ಮಾಡೋಣ."

ಮಣ್ಣು ಎಲ್ಲಿಗೆ ಬಂದು ನಿಂತಿತ್ತೋ ಅಲ್ಲೇ, ಅಂದರೆ ತೋಟದ ನಟ್ಟನಡುವೆ, ಗೋಡೆ ಏಳತೊಡಗಿತು. ಮೊದಲು ಟೊಳ್ಳು ಬ್ಲಾಕು. ಅದರ ಬಲ ತೋರಿಸಲು ಏಜೆಂಟ್ ಒರಗಿದ. ಗೋಡೆ ಆಚೆ ಬಿತ್ತು, ಏಜೆಂಟ್ ಅದರ ಮೇಲೆ ಬಿದ್ದ. "ವಿಮೆ ಮಾಡಿಸಿದೀರಾ?" ಎಂದು ಹಲ್ಲು ಕಿರಿದ ಕಾಂಪೌಂಡರ್, ಗಟ್ಟಿ ಬ್ಲಾಕನ್ನು ತಾನೇ ಎತ್ತಲು ಹೋಗಿ ತನ್ನದೇ ಕಾಲ ಮೇಲೆ ಹಾಕಿಕೊಂಡು, ಜನ್ಮದಲ್ಲಿ ಮೊದಲ ಬಾರಿಗೆ ರೋಗಿಯಾದ.

ಉಳಿದದ್ದು ಇಂಟರ್‌ಲಾಕ್. ಟೈಲರ್ ಮಣ್ಣಿನ ಕಡೆಯಿಂದ, ಮೊಣಕಾಲುದ್ದ ಹುಗಿದುಕೊಂಡು, ಕೊರಳಲ್ಲಿ ಟೇಪು, ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಕೂಗಿದ: "ಸೊಂಟದ ಹತ್ರ ಚೂರು ಒಳಗೆ ತಗೋ!"

"ಗೋಡೆಗೆ ಸೊಂಟ ಎಲ್ಲಿದೆ ಸ್ವಾಮಿ?"

ಸಂಜೆಗೆ ಗೋಡೆ ಮೈಗೆ ಹೊಂದಿದ ಕೋಟಿನಂತೆ ನಿಂತಿತು. ಹನಿ ಬಿದ್ದವು. ಮಣ್ಣು ಅಲುಗಲಿಲ್ಲ. ಶೆಡ್ಡು ಉಳಿಯಿತು! ಏಜೆಂಟ್ ಚಪ್ಪಾಳೆ ತಟ್ಟಿದ, ಕಾಂಪೌಂಡರ್ ಒಂಟಿಕಾಲಲ್ಲಿ ಕುಣಿದ.

ಅಷ್ಟರಲ್ಲಿ ಸಾಹೇಬರು ಕೊಡೆ ಹಿಡಿದು ಮಣ್ಣಿನ ಮೇಲೆ ನಡೆದುಕೊಂಡೇ ಕೆಳಗೆ ಬಂದರು. ಹಿಂದೆ ಅವರ ಆಳು, ಅವನ ತಲೆಯ ಮೇಲೆ ಬೆತ್ತದ ಕುರ್ಚಿ. ಗೋಡೆಯ ಪಕ್ಕ ಕುರ್ಚಿ ಹಾಕಿಸಿ, ಸಾಹೇಬರು ಕಾಲು ಚಾಚಿ ಕೂತರು.

"ಭೇಷ್! ನನ್ನ ತೋಟಕ್ಕೆ ಇಂಥ ಅಂದದ ಗೋಡೆ ನಾನೂ ಕಟ್ಟಿಸ್ತಿರಲಿಲ್ಲ."

"ನಿಮ್ಮ ತೋಟವಾ ಸಾರ್?"

"ಗೋಡೆಯಿಂದ ಈಚೆ ನನ್ನ ಮಣ್ಣು. ಗಡಿ ನೀನೇ ಹಾಕಿದೀಯ, ಸಾಕ್ಷಿಗೆ ಇಬ್ಬರಿದ್ದಾರೆ."

ಸಾಕ್ಷಿಗಳಿಬ್ಬರೂ ಟೊಳ್ಳು ಬ್ಲಾಕಿನ ತೂತಿನೊಳಗೆ ಇಣುಕಿ ಏನೋ ಹುಡುಕತೊಡಗಿದರು.

"ಬಿಚ್ಚಿ ಹಾಕ್ರೀ ಗೋಡೆನ!" ಎಂದು ಹೆಂಡತಿ ಆಚೆಯಿಂದ ಕೂಗಿದಳು. ಟೈಲರನ ಕೈ ಬ್ಲಾಕಿನ ಮೇಲೆ ಹೋಯಿತು, ಕಣ್ಣು ಶೆಡ್ಡಿನ ಮೇಲೆ. ಬಿಚ್ಚಿದರೆ ಮಷೀನು ಹೋಯಿತು, ಬಿಟ್ಟರೆ ಜಾಗ ಹೋಯಿತು. ಮಳೆ ಜೋರಾಯಿತು. ಕೈ ಹಿಂದಕ್ಕೆ ಬಂತು.

"ನಾಳೆ ಸಿಮೆಂಟ್ ಹಾಕಿಸಿಬಿಡು," ಎಂದರು ಸಾಹೇಬರು. "ಈಗ ನನ್ನ ತೋಟದಿಂದ ಇಳಿ."

ಟೈಲರ್ ತುಟಿಯ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಜೇಬಿಗೆ ಹಾಕಿಕೊಂಡ. ಆಮೇಲೆ ಪಚಕ್ಕೆಂದು ಕೆಸರಲ್ಲೇ ಕೂತ.

"ಇಳಿಯೋ!"

"ಇಳಿಯಲ್ಲ ಸಾರ್."