ಸಾಧಾರಣ ಭಾಮೈದನಿಗೊಂದು ಕಾಲೇಜು

ಮೆಟ್ರಿಕ್ಯುಲೇಷನ್ ಫಲಿತಾಂಶ ಬಂತೆಂದರೆ ಸ್ಕೂಲ್ ಮೇಷ್ಟರ ಮನೆಯ ಜಗುಲಿ ಖಾಲಿ ಇರುವುದಿಲ್ಲ. ಮೊದಲ ದರ್ಜೆ ಬಂದ ಹುಡುಗರ ತಂದೆಯರು ನನ್ನ ಕಡೆ ತಿರುಗಿಯೂ ನೋಡುವುದಿಲ್ಲ. ಫೇಲಾದವರ ತಂದೆಯರು ಬೈಯುವುದಕ್ಕೆ ಬಂದು, ಬೈದು ಹೋಗುತ್ತಾರೆ. ತಾಪತ್ರಯವೆಲ್ಲ ನಡುವಿನವರದ್ದು. ನಂಜನಗೂಡಿನಲ್ಲಿ ಮೇಷ್ಟರಾದಂದಿನಿಂದ ಇಂಥ ಪ್ರಸಂಗಗಳು ನನಗೆ ವರ್ಷಾವರ್ಷ ಆಗುತ್ತಲೇ ಇವೆ. ಒಂದು ವರ್ಷ ಮಾತ್ರ ಆ ನಡುವಿನವನು ನನ್ನ ಹೆಂಡತಿಯ ತಮ್ಮನೇ ಆಗಿಬಿಟ್ಟ. ನಮ್ಮ ಮನೆಯಲ್ಲಿ ಉಂಡು, ರೈಲಿನಲ್ಲಿ ಮೈಸೂರಿನ ಹೈಸ್ಕೂಲಿಗೆ ಹೋಗಿ ಬಂದು ಓದಿದವನು. ಪಾಸೇನೋ ಆಗಿದ್ದ, ಇಂಗ್ಲಿಷಿನಲ್ಲಿ ಮಾತ್ರ ಮೂವತ್ತಾರು. ಅವನ ಇಂಗ್ಲಿಷಿಗೆ ಅಡಿಪಾಯ ಹಾಕಿದವನು ನಾನೇ ಆದ್ದರಿಂದ ಮನೆಯಲ್ಲಿ ಆ ಸಂಖ್ಯೆಯನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೆಂಡತಿ ಮಾತ್ರ ಅನ್ನ ಬಡಿಸುವಾಗ ಒಂದೊಂದು ಸಲ ಹೇಳುತ್ತಿದ್ದಳು.

೧. ನಡುವಿನ ಎತ್ತು

ಸುದ್ದಿ ತಿಳಿದು ನರಸೀಪುರದಿಂದ ನಮ್ಮ ಮಾವನವರು ಗಾಡಿ ಕಟ್ಟಿಸಿಕೊಂಡು ಬಂದರು. ಅವರು ಪಟೇಲರು. ಎತ್ತಿನ ವ್ಯಾಪಾರದಲ್ಲಿ ಆ ಸೀಮೆಗೆಲ್ಲ ಹೆಸರಾದವರು. ಎತ್ತಿನ ಬಾಯಿಗೆ ಕೈ ಹಾಕಿ ವಯಸ್ಸು ಹೇಳುತ್ತಿದ್ದರು. ಮಗನ ಬಾಯಿಗೆ ಕೈ ಹಾಕಲಿಲ್ಲ ಅನ್ನುವುದೊಂದೇ ಸಮಾಧಾನ.

"ಎಂಗೆ ಪಾಸಾಗವ್ನೆ?" ಎಂದರು.

"ಸಾಧಾರಣ, ಮಾವನೋರೆ," ಎಂದೆ, ನೆಲ ನೋಡುತ್ತ.

ಅವರ ಮುಖ ಅರಳಿತು. "ಅದೇ ಸರಿ ಕಣ್ರೀ ಅಳಿಯಂದ್ರೇ. ತೀರ ಚುರುಕಿನ ಎತ್ತು ಗಾಡಿ ಮುರೀತದೆ. ತೀರ ಮಂದಂದು ದಾರೀಲಿ ಮಲಗ್ತದೆ. ಸಂಸಾರಸ್ಥನಿಗೆ ನಡುವಿಂದೇ ವಾಸಿ. ಈಗ ಒಳ್ಳೆ ಕಾಲೇಜು ನೋಡಿ. ಕಾಲೇಜು ಬಾಗಿಲು ತೆಗೆಯೋದ್ರೊಳಗೆ ಸಿಕ್ನಿಲ್ವ, ಊರಿಗೆ ಕರಕೊಂಡೋಯ್ತೀನಿ. ಹುಲ್ಲಳ್ಳೀಲಿ ಎಣ್ಣು ನೋಡಿವ್ನಿ, ಮದುವೆ ಮಾಡಿ ಪಟೇಲಿಕೆಗೆ ಕೂರಿಸ್ತೀನಿ."

ಭಾಮೈದ ಬಾಗಿಲ ಹಿಂದೆ ನಿಂತು ಇದನ್ನೆಲ್ಲ ಕೇಳುತ್ತಿದ್ದ. ಅವನ ಮುಖ ನೋಡಿ ನನಗೆ ಅಯ್ಯೋ ಅನ್ನಿಸಿತು. ಮಾವನವರು ಮಾತ್ರ ಸಂಜೆ ಪೇಟೆ ಬೀದಿಗೆ ಹೋಗಿ, ನಮ್ಮ ಹುಡುಗ ಮೊದಲನೆಯವನಾಗಿ ಬಾರದಂತೆ ಬಹಳ ಎಚ್ಚರಿಕೆಯಿಂದ ಓದಿದ್ದಾನೆ ಎಂದು ಎಲ್ಲರಿಗೂ ಹೇಳಿ ಬಂದರು.

೨. ಯಾವ ಹೊಳೆ?

ಮೈಸೂರಿನ ಕಾಲೇಜಿನಲ್ಲಿ ಮೂವತ್ತಾರಕ್ಕೆ ಜಾಗವಿಲ್ಲವೆಂದು ನನಗೆ ಗೊತ್ತಿತ್ತು. ಮಾರನೆಯ ದಿನ ನಮ್ಮ ಬೀದಿಯ ವಕೀಲರ ಮನೆಗೆ ಹೋದೆವು. ಅವರು ಮದರಾಸಿನಲ್ಲಿ ಓದಿ ಬಂದವರು, ಯಾವ ಊರಲ್ಲಿ ಯಾವ ಕಾಲೇಜು ಎಂಬುದು ಅವರಿಗೆ ಬಾಯಿಪಾಠ. ಅವರು ಒಂದೊಂದು ಊರು ಹೇಳಿದ ಹಾಗೆ ಮಾವನವರದ್ದು ಒಂದೇ ಪ್ರಶ್ನೆ.

"ಅಲ್ಲಿ ಒಳೆ ಯಾವುದು ಸಾ?"

ಎರಡು ಹೊಳೆ ಕೂಡುವ ಊರಿನವರು, ನೀರಿನ ವಿಷಯದಲ್ಲಿ ಬಹಳ ಠೀವಿ. ಮದರಾಸಿನಲ್ಲಿ ಸಮುದ್ರ ಎಂದರೆ, "ಉಪ್ಪು ನೀರು, ಬ್ಯಾಡ" ಎಂದರು. ಇನ್ನೊಂದು ಊರಲ್ಲಿ ಬಾವಿ ಎಂದರೆ ಮೂಗು ಮುರಿದರು. ವಕೀಲರಿಗೆ ರೇಗಿತು. ಆದರೂ ತಡೆದುಕೊಂಡು, "ಹಾಗಾದರೆ ಕುಂಭಕೋಣ ನೋಡಿ. ನಿಮ್ಮ ಕಾವೇರಿಯೇ ಅಲ್ಲಿಗೂ ಹೋಗುತ್ತಾಳೆ," ಎಂದರು.

ಮಾವನವರು ಎದ್ದು ಕೂತರು. "ನಮ್ಮೂರು ದಾಟ್ಕೊಂಡು ಓಯ್ತದಲ್ಲ, ಅದೇ ಕಾವೇರೀನಾ?"

"ಅದೇ."

"ಅಂಗಾರೆ ಆಗಾಕಿಲ್ಲ ಬುಡಿ ಸಾ. ನಾವೆಲ್ಲ ಎತ್ತು ಮೈ ತೊಳೆದು ಬುಟ್ಟ ನೀರ ನನ್ನ ಮಗ ಅಲ್ಲಿಗೋಗಿ ಕುಡೀಬೇಕಾ?"

ವಕೀಲರು ಆಮೇಲೆ ಬಹಳ ದಿನ ನಮ್ಮನ್ನು ಕಂಡರೆ ಬೀದಿಯ ಆ ಬದಿಗೆ ಹೋಗುತ್ತಿದ್ದರು.

೩. ಜೋಡಿ ಇಲ್ಲದ ಕಡೆ

ಇನ್ನೊಂದು ಊರಿನ ಕಾಲೇಜಿಗೆ ಮೂವರೂ ರೈಲಿನಲ್ಲಿ ಹೋದೆವು. ಗುಮಾಸ್ತರು ಒಳಗೆ ವಿಚಾರಿಸಿ ಬರುತ್ತೇನೆ, ಇಲ್ಲೇ ಇರಿ ಎಂದರು. ಮಾವನವರು ಇರುವ ಜನವೇ? ಮರದ ಕೆಳಗೆ ನಿಂತಿದ್ದ ವಿದ್ಯಾರ್ಥಿಗಳ ಗುಂಪಿನ ಹತ್ತಿರ ನಡೆದೇಬಿಟ್ಟರು.

"ನಿಮ್ಮಲ್ಲಿ ಸಾಧಾರಣದವರು ಯಾರ್ರಪ್ಪ?"

ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಒಪ್ಪಲಿಲ್ಲ. ಒಬ್ಬ ಪಕ್ಕದವನನ್ನು ತೋರಿಸಿದ, ಆ ಪಕ್ಕದವನು ಇವನ ಮೇಲೆ ಏರಿ ಹೋದ. ಮಾವನವರು ತಲೆ ಅಲ್ಲಾಡಿಸುತ್ತ ವಾಪಸು ಬಂದರು. "ಒಬ್ನೂ ಇಲ್ಲ ಅಳಿಯಂದ್ರೇ. ನಮ್ಮವನಿಗೆ ಜೋಡಿ ಎಲ್ಲಿ ತರಾನ? ಜೋಡಿ ಕೂಡದ ಕಡೆ ಕಟ್ಟಿದ್ರೆ ನೊಗ ಒಂದೇ ಕಡೆ ಎಳೀತದೆ."

ಅಷ್ಟರಲ್ಲಿ ಗುಮಾಸ್ತರು ಬಂದು ಜಾಗವೆಲ್ಲ ಭರ್ತಿಯಾಗಿದೆ ಎಂದರು. ಮಾವನವರು ಗತ್ತಿನಿಂದ, "ನಾವೂ ಬ್ಯಾಡ ಅಂತ ಯೋಳಾಕೇ ನಿಂತಿದ್ದೊ," ಎಂದು ಅವರ ಬೆನ್ನು ತಟ್ಟಿ ಸಮಾಧಾನ ಹೇಳಿದರು.

ವಾಪಸಾಗುವಾಗ ರೈಲಿನಲ್ಲಿ ಭಾಮೈದ ನನ್ನ ಪಕ್ಕ ಸರಿದು, "ಭಾವ, ನನಗೆ ಓದಬೇಕು ಅಂತ ಆಸೆ ಇದೆ. ಅಪ್ಪನಿಗೆ ಹೇಳಕ್ಕೆ ಬಾಯಿ ಬರಲ್ಲ," ಎಂದ. ಎದುರಿಗೆ ಅವನಪ್ಪ ಗೊರಕೆ ಹೊಡೆಯುತ್ತಿದ್ದರು, ಬುತ್ತಿಯಲ್ಲಿ ಉಳಿದಿದ್ದ ನಮ್ಮಿಬ್ಬರ ಪಾಲಿನ ಚಕ್ಕುಲಿಯನ್ನೂ ಮುಗಿಸಿ.

೪. ವಲ್ಲಿಯ ಕೆಳಗೆ

ಉಳಿದದ್ದು ಪಾದ್ರಿಗಳ ಒಂದು ಕಾಲೇಜು. ಊರ ಹೆಸರು ಬೇಡ. ಬಾಗಿಲು ತೆಗೆಯುವುದಕ್ಕೆ ಎರಡೇ ದಿನ ಇತ್ತು. ಪ್ರಿನ್ಸಿಪಾಲರು ಬಿಳಿ ಗಡ್ಡದ ಇಂಗ್ಲಿಷ್ ದೊರೆ, ಸಾಧು ಮನುಷ್ಯ. ಹುಡುಗನನ್ನು ನಾಲ್ಕು ಪ್ರಶ್ನೆ ಕೇಳಿ, ನನಗೆ ಇಂಗ್ಲಿಷಿನಲ್ಲಿ ಹೇಳಿದರು: "ಹುಡುಗ ಒಳ್ಳೆಯವನು. ಆದರೆ ನಮ್ಮಲ್ಲಿ ಇಂಗ್ಲಿಷಿಗೆ ನಲವತ್ತು ಬೇಕು. ನಾಲ್ಕು ಕಡಿಮೆ ಇದೆ. ಕ್ಷಮಿಸಬೇಕು." ಹಾಗೆಂದು ಎದ್ದು ನಿಂತು, ತಮ್ಮ ಪದ್ಧತಿಯಂತೆ ಬೀಳ್ಕೊಡಲು ಮಾವನವರ ಮುಂದೆ ಕೈ ಚಾಚಿದರು.

ನಾನು ಕನ್ನಡದಲ್ಲಿ ಹೇಳಲು ಬಾಯಿ ತೆರೆದೆ. "ನಾಲ್ಕು ಕಡಿಮೆಯಂತೆ" ಎನ್ನುವಷ್ಟರಲ್ಲಿ ಮಾವನವರ ಕಣ್ಣು ದೊರೆಯ ಕೈಯ ಮೇಲೆ ಬಿದ್ದಿತ್ತು. ನಮ್ಮ ಕಡೆ ದನದ ವ್ಯಾಪಾರದಲ್ಲಿ ಯಾರೂ ಬಾಯಿಬಿಟ್ಟು ಬೆಲೆ ಹೇಳುವುದಿಲ್ಲ. ಕೈಗೆ ಕೈ ಸೇರಿಸಿ, ಮೇಲೆ ಬಟ್ಟೆ ಮುಚ್ಚಿ, ಒಳಗೇ ಬೆರಳು ಹಿಡಿದು ಚೌಕಾಸಿ ಮಾಡುತ್ತಾರೆ. ಕೈ ಚಾಚಿದವನು ವ್ಯಾಪಾರಕ್ಕೆ ಸಿದ್ಧ ಎಂದೇ ಅರ್ಥ, ಕೈ ಕುಲುಕಿದರೆ ಮಾತು ಮುಗಿದಂತೆ. ಮಾವನವರು ಹೆಗಲ ವಲ್ಲಿಯನ್ನು ಎಳೆದು ಎರಡು ಕೈಗಳ ಮೇಲೂ ಹಾಕಿ, ಒಳಗೆ ದೊರೆಯ ಬೆರಳುಗಳನ್ನು ಹಿಡಿದರು.

ದೊರೆ ಬೆಚ್ಚಿ ನನ್ನ ಕಡೆ ನೋಡಿದರು. ನಾನು ಗೋಡೆಯ ಕಡೆ ನೋಡಿದೆ. ಮಾವನವರು ಕಣ್ಣು ಅರೆಮುಚ್ಚಿ, ಆಮೇಲೆ ಅವರೇ ಹೇಳಿದಂತೆ, ನಾಲ್ಕು ಬೆರಳು ಅದುಮಿದರು: ನಾಲ್ಕೂ ಬಿಡಿ. ದೊರೆ ಕೈ ಎಳೆದುಕೊಳ್ಳಲು ನೋಡಿದರು. ಒಪ್ಪಲಿಲ್ಲವೆಂದು ಮಾವನವರು ಎರಡು ಬೆರಳಿಗೆ ಇಳಿದರು. ಇದೇನೋ ಈ ದೇಶದ ಮರ್ಯಾದೆಯೆಂದುಕೊಂಡರೋ ಏನೋ, ದೊರೆ ಕೊನೆಗೆ ಕೈ ಗಟ್ಟಿಯಾಗಿ ಹಿಡಿದು ಮೇಲೆ ಕೆಳಗೆ ಕುಲುಕಿದರು.

"ಆಯ್ತು, ಕೈ ಕೊಟ್ರು," ಎಂದು ಮಾವನವರು ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡರು. "ಎರಡು ಅವ್ರು ಬುಟ್ರು. ಎರಡು ನಾವು ತುಂಬ್ಕೊಡ್ತೀವಿ. ಯೋಳಿ ಅಳಿಯಂದ್ರೇ."

ನಾನು ಬೆವರುತ್ತ ಎಲ್ಲವನ್ನೂ ಬಿಡಿಸಿ ಹೇಳಿದೆ. ದೊರೆ ತಮ್ಮ ಕೈಯನ್ನೇ ಸ್ವಲ್ಪ ಹೊತ್ತು ನೋಡಿಕೊಂಡರು.

"ಕೈ ಕೊಟ್ಟ ಮೇಲೆ ಹಿಂದೆ ಸರಿದರೆ?" ಎಂದು ಕೇಳಿದರು.

"ಹಾಗೆ ಸರಿದವರನ್ನು ನಮ್ಮ ಕಡೆ ಯಾರೂ ನಂಬುವುದಿಲ್ಲ ಸಾರ್," ಎಂದೆ.

ಅವರು ಕುರ್ಚಿಗೆ ಕುಸಿದು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಭಾಮೈದ ಮಾತ್ರ ಉಸಿರು ಹಿಡಿದು ನಿಂತಿದ್ದ. ದೊರೆ ಅವನನ್ನು ನೋಡಿ ನಗು ನಿಲ್ಲಿಸಿದರು. "ಸೇರಿಸಿಕೊಳ್ಳುತ್ತೇನೆ. ಮೂರು ತಿಂಗಳು ನೋಡುತ್ತೇನೆ. ಆ ಎರಡು ಮಾರ್ಕು ತರದಿದ್ದರೆ ನಿಮ್ಮ ತಂದೆ ನಿನ್ನನ್ನು ವಾಪಸು ಕರೆದುಕೊಂಡು ಹೋಗಬೇಕು." ಎಂದು ಹೇಳಿ, ನನ್ನ ಕಡೆ ತಿರುಗಿ, "ಅವರಿಗೆ ಒಪ್ಪಿಗೆಯೇ, ಕೇಳಿ," ಎಂದರು.

ಭಾಮೈದ ಅಲ್ಲೇ ಕಣ್ಣೊರೆಸಿಕೊಂಡ. ನಾನು ಷರತ್ತನ್ನು ಮಾವನವರಿಗೆ ತಿಳಿಸಿದೆ. ಅವರು ಮಗನನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿದರು.

"ನ್ಯಾಯವಾಗೇ ಅದೆ. ಮೂರು ತಿಂಗಳು ನೊಗಕ್ಕೆ ಕಟ್ಟಿ ನೋಡ್ಲಿ. ಆದ್ರೆ ಒಂದು ಮಾತು ಯೋಳ್ಬುಡಿ ಅಳಿಯಂದ್ರೇ. ಅಷ್ಟರೊಳಗೆ ಮೈ ಇಳಿಸ್ಬುಟ್ರೆ ನಾನು ವಾಪಸ್ ಇಡ್ಕೊಳಾಕಿಲ್ಲ."