ಕಾಣದ ಹುಳವೂ ನನ್ನ ಬಕೆಟ್ಟೂ

ಮನೆ ತೊಳೆಯೋಕೆ ನಿಂತವನಿಗೆ ಏನಾದರೂ ಒಂದು ಆಗಿಯೇ ಆಗುತ್ತೆ. ನನಗಂತೂ ವಾರಕ್ಕೊಂದು ಆಯಿತು.

ದಾವಣಗೆರೆಯ ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಬಸ್ಸು ತೊಳೆದವನು ನಾನು. ಮನೆಯಲ್ಲಿ ಮಾತ್ರ ನಮ್ಮಾಕೆ ಪೊರಕೆ ಮುಟ್ಟಗೊಡಲಿಲ್ಲ. ಅವಳು ಹೋದ ಮೇಲೆ ಮಗಳು ನನ್ನನ್ನು ಹಾಲೆಂಡಿನ ನೈಮೆಗನ್‌ಗೆ ಕರೆಸಿಕೊಂಡಳು. ತೊಂಬತ್ತೆಂಟನೇ ಇಸವಿ. ಅಲ್ಲಿ ಮೊಮ್ಮಗಳಿಗೆ ಉಬ್ಬಸ. ಏಳು ವರ್ಷದ ಮಗು, ಮಲಗಿದರೆ ಉಸಿರು ಕಟ್ಟುತ್ತೆ ಅಂತ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿತ್ತು.

ಐವತ್ತೆರಡು ಸೀಟು

ಒಬ್ಬ ನರ್ಸಮ್ಮ ಮನೆ ನೋಡೋಕೆ ಬಂದರು. ಮಗುವಿನ ಹಾಸಿಗೆಗೆ ಸಣ್ಣ ಮೆಷಿನ್ ಹಚ್ಚಿ ಧೂಳು ಎಳೆದರು. ಅದನ್ನು ಏನೋ ನೀರಿನಲ್ಲಿ ಕಲಸಿ ಕಾಗದದ ಪಟ್ಟಿ ಅದ್ದಿದರು. ಪಟ್ಟಿ ಕೆಂಪಗಾಯಿತು. ಧೂಳಿನಲ್ಲಿ ಹುಳ ಇದೆ, ಕಣ್ಣಿಗೆ ಕಾಣಲ್ಲ, ಉಬ್ಬಸ ಅದರಿಂದಲೇ ಅಂದರು. ಮೂರು ತಿಂಗಳಲ್ಲಿ ಧೂಳು ಇಳಿಯದಿದ್ದರೆ ಮಗುವಿಗೆ ಇನ್ನೂ ಜೋರಿನ ಔಷಧಿ ಶುರುವಾಗುತ್ತೆ ಅಂದರು. ಅದನ್ನೆಲ್ಲ ಮಗಳು ನನಗೆ ಕನ್ನಡದಲ್ಲಿ ಹೇಳಿದಳು.

ಕ್ಲೀನ್ ಮಾಡೋರು ಯಾರು ಅಂತ ನರ್ಸಮ್ಮ ಕೇಳಿದರು. ಮಗಳು ಅಳಿಯನ ಮುಖ ನೋಡಿದಳು. ಅಳಿಯ ಗಡಿಯಾರ ನೋಡಿದರು. ನಾನು ಕೈ ಎತ್ತಿದೆ.

ಅನುಭವ ಇದೆಯಾ ಅಂದರು. ಮೂವತ್ತೊಂದು ವರ್ಷ ಅಂದೆ. ಎಷ್ಟು ದೊಡ್ಡ ಮನೆಗಳು ಅಂದರು.

"ಐವತ್ತೆರಡು ಸೀಟಿನವು," ಅಂದೆ. "ದಿನಕ್ಕೆ ಹನ್ನೆರಡು."

ಮಗಳು ಅದನ್ನು ಹಾಗೇ ಹೇಳಿಬಿಟ್ಟಳು. ನರ್ಸಮ್ಮ ಬರೆದುಕೊಂಡರು.

ತೂಬು

ಮೊದಲು ಕಾರ್ಪೆಟ್ ಕಿತ್ತು ಹಾಕಿದೆವು. ಕೆಳಗೆ ಸಿಮೆಂಟು ನೆಲ. ಸಿಮೆಂಟು ಕಂಡ ಕೂಡಲೇ ನನಗೆ ಧೈರ್ಯ ಬಂತು. ಎಲ್ಲರೂ ಹೊರಗೆ ಹೋದ ಮೇಲೆ ಪಂಚೆ ಎತ್ತಿ ಕಟ್ಟಿ ಹದಿನಾಲ್ಕು ಬಕೆಟ್ ನೀರು ಹೊಯ್ದೆ. ಸೋಪಿನ ಪುಡಿ ಹಾಕಿ ತಿಕ್ಕಿದೆ. ನೀರು ತಳ್ಳಿಕೊಂಡು ಮೂಲೆಗೆ ಹೋದೆ. ತೂಬಿಲ್ಲ. ಇನ್ನೊಂದು ಮೂಲೆ. ಅಲ್ಲೂ ಇಲ್ಲ. ಈ ದೇಶದಲ್ಲಿ ಮನೆ ಕಟ್ಟೋರು ನೀರು ಹೋಗೋಕೆ ತೂತು ಬಿಡೋದಿಲ್ಲ ಅಂತ ಗೊತ್ತಾಗೋ ಹೊತ್ತಿಗೆ ಕಾಲ್ಬೆರಳು ಮುಳುಗಿದ್ದವು.

ಬೇರೆ ದಾರಿ ಕಾಣದೆ ಮುಂಬಾಗಿಲು ತೆಗೆದೆ. ನೀರು ಮೆಟ್ಟಿಲಿಳಿದು ಹೋಯಿತು, ಮೂರನೇ ಮಹಡಿಯಿಂದ ಬೀದಿವರೆಗೆ. ಕೆಳಮನೆಯ ಮುದುಕಿ ಹತ್ತಿ ಬಂದರು. ಬೈಸಿಕೊಳ್ಳೋಕೆ ತಯಾರಾಗಿ ನಿಂತೆ. ಆಯಮ್ಮ ಮೆಟ್ಟಿಲು ನೋಡಿದರು, ನನ್ನ ಕೈ ಕುಲುಕಿದರು, ಏನೋ ಹೇಳಿ ಇಳಿದು ಹೋದರು.

ಸಂಜೆ ಮಗಳು ವಿಚಾರಿಸಿಕೊಂಡು ಬಂದಳು. ಮೆಟ್ಟಿಲು ತೊಳೆಯೋದು ಅಲ್ಲಿ ಮನೆಗೊಂದು ವಾರ ಸರದಿಯಂತೆ. ಆ ವಾರ ಮುದುಕಿಯದು.

"ಅಪ್ಪಾ, ಅವರ ಮುಂದಿನ ಸರದಿಗೂ ಅದೇ ಸೋಪು ಹಾಕಬೇಕಂತೆ," ಅಂದಳು.

ಫ್ರೀಜರ್

ಬಟ್ಟೆ ಗೊಂಬೆಗಳನ್ನು ಚೀಲದಲ್ಲಿ ಕಟ್ಟಿ ಒಂದು ದಿನ ಫ್ರೀಜರ್‌ನಲ್ಲಿಟ್ಟರೆ ಹುಳ ಸಾಯುತ್ತೆ ಅಂತ ನರ್ಸಮ್ಮನ ಚೀಟಿಯಲ್ಲಿತ್ತು. ಕರಡಿಗೆ ಚಳಿ ಆಗುತ್ತೆ ಅಂತ ಮೊಮ್ಮಗಳು ಅತ್ತಳು. ನನ್ನ ಮಂಕಿ ಟೋಪಿ ಹಾಕಿ ಇಟ್ಟೆ.

ಅದೇ ದಿನ ಒಬ್ಬ ವಿದ್ಯಾರ್ಥಿ ಊಟಕ್ಕೆ ಬಂದ. ಧಾರವಾಡದವನು, ಈ ದೇಶಕ್ಕೆ ಬಂದು ನಾಲ್ಕು ದಿನ. ಫ್ರೀಜರ್‌ನಿಂದ ಬಟಾಣಿ ತೆಗೆದುಕೊಡು ಅಂತ ಮಗಳು ಹೇಳಿದಳು. ಬಾಗಿಲು ತೆಗೆದ. ನೋಡಿದ. ಮುಚ್ಚಿದ. ಹೊರಡುವಾಗ ಬೂಟು ಹಾಕಿಕೊಳ್ಳುತ್ತಾ ಮೆತ್ತಗೆ ಕೇಳಿದ, "ಕಾಕಾ, ಗೊಂಬಿಗೇ ಇಷ್ಟು ಥಂಡಿ ಹತ್ತೋ ಊರಾಗ ನಾ ಹೆಂಗ್ರಿ ಇರ್ಲಿ?"

ಕೌದಿ

ನಮ್ಮಾಕೆ ಹೊಲಿದ ಕೌದಿಯೊಂದನ್ನು ಊರಿಂದ ತಂದಿದ್ದೆ. ದಿನಾ ಹೊದೆಯುತ್ತಿದ್ದೆ. ಒಗೆದಿರಲಿಲ್ಲ. ಅವಳ ವಾಸನೆ ಇತ್ತು. ಹೊದಿಕೆಗಳನ್ನೆಲ್ಲ ಅರವತ್ತು ಡಿಗ್ರಿ ನೀರಲ್ಲಿ ಒಗೆಯಬೇಕು ಅಂತ ಚೀಟಿ ಹೇಳಿತ್ತು. "ಅದೊಂದು ಇರಲಿ ಬಿಡಪ್ಪ," ಅಂದಳು ಮಗಳು. ಆದರೆ ಮಗು ಬಂದು ಅದರ ಮೇಲೇ ಕೂರುತ್ತಿತ್ತು. ಎರಡು ದಿನ ಯೋಚನೆ ಮಾಡಿದೆ. ಮೂರನೇ ದಿನ ಮೆಷಿನ್‌ಗೆ ಹಾಕಿದೆ.

ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಗಾಜಿನ ಕಿಂಡಿಯಲ್ಲಿ ಅವಳ ಸೀರೆಯ ತುಂಡುಗಳು ಒಂದೊಂದೇ ಸುತ್ತಿ ಬಂದವು. ಮದುವೆಯ ಹಸಿರು. ಮಗಳ ನಾಮಕರಣದ ಹಳದಿ. ಒಂದೂವರೆ ಗಂಟೆ ಏಳಲಿಲ್ಲ.

ಅಳಿಯ ಬಂದು ನಿಂತರು. ಬೆಂಗಳೂರಿನವರು, ಮಾತು ಮೃದು.

"ಮಾವ, ಟಿವಿ ಹಾಲ್‌ನಲ್ಲಿದೆ."

"ಇದರಲ್ಲಿ ಚೆನ್ನಾಗಿರೋದು ಬರ್ತಿದೆ," ಅಂದೆ.

ಅವರೂ ಒಂದು ಕುರ್ಚಿ ತಂದು ಹಾಕಿಕೊಂಡರು.

ಒಂದು ಚಿಟಿಕೆ ಧೂಳು

ಮೂರು ತಿಂಗಳಿಗೆ ಸರಿಯಾಗಿ ನರ್ಸಮ್ಮ ಮತ್ತೆ ಬಂದರು. ಮಗುವಿನ ಹಾಸಿಗೆಗೆ ಮೆಷಿನ್ ಹಚ್ಚಿದರು. ಒಂದು ಸಲ. ಎರಡು ಸಲ. ಜಾಲರಿಯಲ್ಲಿ ಏನೂ ಇಲ್ಲ. ಚಿಟಿಕೆಯಾದರೂ ಧೂಳು ಸಿಗದೆ ಪರೀಕ್ಷೆ ಆಗಲ್ಲ, ಪರೀಕ್ಷೆ ಆಗದೆ ಔಷಧಿಯ ವಿಷಯ ತೀರ್ಮಾನ ಆಗಲ್ಲ ಅಂದರು. ಮಗಳು ಬೆವತಳು. ಸೋಫಾ ಕೆಳಗೆ, ಕಪಾಟಿನ ಮೇಲೆ, ಟಿವಿ ಹಿಂದೆ, ಎಲ್ಲ ಕಡೆ ಮೆಷಿನ್ ಓಡಾಡಿತು. ನಾವೂ ಹಿಂದೆ ಹಿಂದೆ ಹೋದೆವು. ಸ್ವಂತ ಮನೆಯಲ್ಲಿ ಧೂಳು ಸಿಗಲಪ್ಪಾ ಅಂತ ದೇವರನ್ನು ಬೇಡಿಕೊಂಡವರು ನಾವೇ ಇರಬೇಕು.

ಕೊನೆಗೆ ನರ್ಸಮ್ಮನಿಗೆ ಮೆಷಿನ್ ಮೇಲೇ ಅನುಮಾನ ಬಂತು. ಸರಿ ಇದೆಯಾ ನೋಡೋಣ ಅಂತ ಕುರ್ಚಿಯ ಮೇಲೆ ಬಿಚ್ಚಿಟ್ಟಿದ್ದ ತಮ್ಮದೇ ಉಣ್ಣೆ ಕೋಟಿಗೆ ಹಚ್ಚಿದರು. ಜಾಲರಿ ತುಂಬಿತು. ಕಲಸಿ ಪಟ್ಟಿ ಅದ್ದಿದರು. ಕಡುಗೆಂಪು. ನರ್ಸಮ್ಮನ ಮುಖವೂ ಅದೇ ಬಣ್ಣಕ್ಕೆ ಬಂತು.

ಪಟ್ಟಿ ಬಿಟ್ಟು ಮಗುವನ್ನೇ ಕೇಳಿದರು, ಹೇಗೆ ಮಲಗ್ತೀಯಾ ಅಂತ. ಮೊಮ್ಮಗಳು ಹಾಸಿಗೆ ಮೇಲೆ ಕೈಕಾಲು ಚಾಚಿ ಅಂಗಾತ ಮಲಗಿ ತೋರಿಸಿದಳು. ನರ್ಸಮ್ಮ ಎದೆಗೆ ಕಿವಿಗೊಟ್ಟು ಕೇಳಿದರು. ಔಷಧಿ ಏರಿಸೋದು ಬೇಡ ಅಂತ ಬರೆದರು.

ಮಗಳು ಕಣ್ಣೊರೆಸಿಕೊಂಡಳು. ನರ್ಸಮ್ಮ ಎದ್ದು ಕೋಟಿಗೆ ಕೈ ಹಾಕಿದರು.

"ಅದನ್ನು ಬಿಟ್ಟು ಹೋಗಲಿ ಅಂತ ಹೇಳವ್ವ," ಅಂದೆ ಮಗಳಿಗೆ. "ನಾಡಿದ್ದು ಬಂದು ತಗೊಂಡು ಹೋಗಲಿ."

ಹೊರಗೆ ಗಾಳಿ ಬೀಸುತ್ತಿತ್ತು. ನರ್ಸಮ್ಮ ಅಳಿಯನ ಜರ್ಕಿನ್ ಹಾಕಿಕೊಂಡು ಸೈಕಲ್ ಹತ್ತಿದರು.